ಇಂದಿನ ಕಲೆಯಲ್ಲಿ ಗುರುತು ಮತ್ತು ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಲರಿಯಲ್ಲಿ ಒಂದು ಕೃತಿ ನೋಡಿ ತಲೆಕೆಡಿಸಿಕೊಂಡವರು, ಕಲೆ ಓದುತ್ತಿರುವವರು, ಯಾವುದೋ ಪ್ರದರ್ಶನದ ಗಲಾಟೆಯನ್ನು ಪೇಪರಿನಲ್ಲಿ ಓದಿದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ಕೆಲವು ಬೇಗ ಮುಗಿಯುವಂಥವಲ್ಲ. ನನ್ನ ಅಭಿಪ್ರಾಯ ಇರುವ ಕಡೆ ಅದನ್ನು ನೇರವಾಗಿಯೇ ಹೇಳಿದ್ದೇನೆ.

ಗುರುತಿನ ಬಗ್ಗೆ ಇರುವ ಕಲೆ ಅಂದರೆ ಯಾವುದು?

ಮೈಬಣ್ಣ, ಜಾತಿ, ಲಿಂಗ, ಧರ್ಮ, ಭಾಷೆ, ಯಾರನ್ನು ಪ್ರೀತಿಸುತ್ತೇವೆ ಎಂಬುದು, ಇವುಗಳಿಂದಾಗಿ ಸಮಾಜ ನಮ್ಮನ್ನು ಎಲ್ಲೋ ಒಂದು ಕಡೆ ಕೂರಿಸುತ್ತದೆ. ಹಾಗೆ ಕೂರಿಸಿದ ಜಾಗವನ್ನೇ ಕಲಾವಿದರು ಕೆಲಸಕ್ಕೆ ಸಾಮಗ್ರಿ ಮಾಡಿಕೊಂಡರೆ ಅದನ್ನು ಗುರುತಿನ ಕಲೆ ಅನ್ನುತ್ತಾರೆ. ಅದರಲ್ಲಿ ರಾಜಕೀಯ ಬರುವುದು ಸಹಜ. ಯಾರನ್ನು ಎಲ್ಲಿ ಕೂರಿಸಬೇಕು ಅಂತ ಯಾರೋ ತೀರ್ಮಾನ ಮಾಡಿರುತ್ತಾರಲ್ಲ, ಅದೇ ರಾಜಕೀಯ.

ಆದರೆ ಗುರುತು ಕೆಲವೇ ಕಲಾವಿದರಿಗೆ ಇರುವ ವಸ್ತು ಅಂದುಕೊಳ್ಳಬೇಡಿ. ಎಲ್ಲ ಕೃತಿಯೂ ಯಾರದೋ ಕಣ್ಣಿನಿಂದಲೇ ಬಂದದ್ದು. ಕೆಲವರ ಕಣ್ಣು ಎಲ್ಲರ ಕಣ್ಣು ಅಂತ ಬಹಳ ಕಾಲ ನಡೆದುಬಂತು. ಹಾಗಾಗಿ ಅವರ ಗುರುತು ಯಾರಿಗೂ ಕಾಣಲಿಲ್ಲ.

ಮೊದಲೆಲ್ಲ ಕಲೆ ಬರೀ ಕಲೆಯಾಗಿತ್ತು, ಈಗ ಯಾಕೆ ಎಲ್ಲದರಲ್ಲೂ ರಾಜಕೀಯ?

ಮೊದಲೂ ಹಾಗಿರಲಿಲ್ಲ. ರಾಜ ಕುದುರೆ ಮೇಲೆ ಕೂತ ಚಿತ್ರ ಯಾಕೆ ಬರೆಸಿದ? ಯಾರು ಯಾರನ್ನು ಆಳುತ್ತಾರೆ ಅಂತ ನೋಡಿದವರ ಮನಸ್ಸಿನಲ್ಲಿ ಕೂರಲಿ ಅಂತ ತಾನೆ. ಅದನ್ನು ನಾವು ರಾಜಕೀಯ ಅನ್ನುವುದಿಲ್ಲ, ಅಷ್ಟೇ.

1971ರಲ್ಲಿ ಕಲಾ ಇತಿಹಾಸಕಾರ್ತಿ ಲಿಂಡಾ ನೋಕ್ಲಿನ್ ಒಂದು ಪ್ರಬಂಧ ಬರೆದರು. ದೊಡ್ಡ ಕಲಾವಿದೆಯರು ಯಾಕೆ ಆಗಿಲ್ಲ ಎಂಬುದೇ ಅದರ ಪ್ರಶ್ನೆ. ಅವರು ಮರೆತುಹೋದ ಹೆಂಗಸರ ಪಟ್ಟಿ ಕೊಡಲು ಹೋಗಲಿಲ್ಲ. ಯುರೋಪಿನ ಕಲಾಶಾಲೆಗಳಲ್ಲಿ ಬೆತ್ತಲೆ ಮೈಯನ್ನು ನೋಡಿ ಬರೆಯುವುದು ಮುಖ್ಯ ಪಾಠವಾಗಿತ್ತು, ಹೆಂಗಸರಿಗೆ ಆ ತರಗತಿಗೆ ಪ್ರವೇಶವೇ ಇರಲಿಲ್ಲ ಎಂದು ತೋರಿಸಿದರು. ಅದನ್ನು ಕಲಿಯದೆ ದೊಡ್ಡ ಪುರಾಣ ಚಿತ್ರ, ಇತಿಹಾಸ ಚಿತ್ರ ಬರೆಯಲು ಆಗುತ್ತಿರಲಿಲ್ಲ. ಅವು ಬರೆಯದಿದ್ದರೆ ದೊಡ್ಡ ಹೆಸರೂ ಇಲ್ಲ. ಪ್ರತಿಭೆ ಇತ್ತೋ ಇಲ್ಲವೋ ಎಂಬ ಮಾತು ಆಮೇಲಿನದು. ಬಾಗಿಲಲ್ಲೇ ತಡೆದಿದ್ದರು. ಈ ಪುಟದಲ್ಲಿ ನಾನು ಹೇಳುವ ಹೆಚ್ಚಿನ ಮಾತುಗಳು ಆ ಬಾಗಿಲಿನ ಬಗ್ಗೆಯೇ ಇವೆ.

ಇದು ಯಾವಾಗ ಶುರುವಾಯಿತು?

ಒಂದು ದಿನಾಂಕ ಹೇಳಲಾಗದು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಹೋರಾಟ ಮತ್ತು ಸ್ತ್ರೀವಾದದ ಜೊತೆಗೇ ಇದು ಬೆಳೆಯಿತು. ಅಲ್ಲಿ ದೋಸೆಹಿಟ್ಟಿನಂಥ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ಆಂಟ್ ಜೆಮೈಮಾ ಎಂಬ ನಗುಮುಖದ ಕಪ್ಪು ಅಡುಗೆಯವಳ ಚಿತ್ರ ಇರುತ್ತಿತ್ತು. 1972ರಲ್ಲಿ ಬೆಟಿ ಸಾರ್ ಎಂಬ ಕಪ್ಪು ಕಲಾವಿದೆ ಅವಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಒಂದು ಕೈಗೆ ಪೊರಕೆ, ಇನ್ನೊಂದು ಕೈಗೆ ಬಂದೂಕು ಕೊಟ್ಟರು. ಅವಮಾನಕ್ಕೆ ಬಳಸಿದ್ದ ಗೊಂಬೆಯೇ ಎದುರು ನಿಂತಿತು.

1985ರಲ್ಲಿ ನ್ಯೂಯಾರ್ಕಿನಲ್ಲಿ ಗೆರಿಲ್ಲಾ ಗರ್ಲ್ಸ್ ಗುಂಪು ಹುಟ್ಟಿತು. ಗೊರಿಲ್ಲಾ ಮುಖವಾಡ ಹಾಕಿಕೊಂಡ, ಹೆಸರು ಹೇಳದ ಕಲಾವಿದೆಯರು ಇವರು. 1989ರಲ್ಲಿ ಅಲ್ಲಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಹೋಗಿ ಲೆಕ್ಕ ಮಾಡಿದರು. ಆಧುನಿಕ ಕಲೆಯ ವಿಭಾಗದಲ್ಲಿರುವ ಕಲಾವಿದರಲ್ಲಿ ಹೆಂಗಸರು ಶೇಕಡಾ 5ಕ್ಕಿಂತ ಕಡಿಮೆ. ಬೆತ್ತಲೆ ಚಿತ್ರಗಳಲ್ಲಿ ಇರುವವರಲ್ಲಿ ಮಾತ್ರ ಶೇಕಡಾ 85ರಷ್ಟು ಹೆಂಗಸರು. ಮ್ಯೂಸಿಯಂ ಒಳಗೆ ಹೋಗಬೇಕಾದರೆ ಹೆಂಗಸರು ಬಟ್ಟೆ ಬಿಚ್ಚಲೇಬೇಕಾ ಎಂದು ಪೋಸ್ಟರ್ ಹಾಕಿದರು. 2012ರಲ್ಲಿ ಮತ್ತೆ ಎಣಿಸಿದಾಗ ಕಲಾವಿದೆಯರ ಪಾಲು ಶೇಕಡಾ 4ಕ್ಕಿಂತ ಕಡಿಮೆಯಾಗಿತ್ತು, ಬೆತ್ತಲೆ ಹೆಂಗಸರ ಪಾಲು ಶೇಕಡಾ 76ಕ್ಕೆ ಇಳಿದಿತ್ತು.

ಆಮೇಲೆ 1993ರ ವಿಟ್ನಿ ಬಿಯೆನಿಯಲ್, ಅಂದರೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಎರಡು ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನ. ಬಣ್ಣ, ಲಿಂಗ, ಏಡ್ಸ್, ಪೊಲೀಸ್ ಹಿಂಸೆ ಎಲ್ಲ ಒಂದೇ ಪ್ರದರ್ಶನದಲ್ಲಿ ಬಂದವು. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ಹೊಡೆಯುತ್ತಿದ್ದಾಗ ಹತ್ತಿರದ ನಿವಾಸಿಯೊಬ್ಬರು ತಮ್ಮ ಮನೆಯ ಬಾಲ್ಕನಿಯಿಂದ ತೆಗೆದ ವಿಡಿಯೋವನ್ನೂ ಅಲ್ಲಿ ತೋರಿಸಿದರು. ಆಗ ವಿಮರ್ಶಕರಲ್ಲಿ ಹೆಚ್ಚಿನವರು ಸಿಟ್ಟಾದರು, ಇದು ಕಲೆಯೇ ಅಲ್ಲ, ಭಾಷಣ ಅಂದರು. ಇವತ್ತು ಅದೇ ಪ್ರದರ್ಶನವನ್ನು ಒಂದು ತಿರುವು ಎಂದು ಪಾಠ ಮಾಡುತ್ತಾರೆ.

ಘೋಷಣೆ ಬರೆಯದೆ ಇಂಥ ಕೆಲಸ ಮಾಡಲು ಆಗುವುದಿಲ್ವಾ?

ಆಗುತ್ತದೆ. ನನ್ನ ಮಟ್ಟಿಗೆ ಈ ದಾರಿಯ ಅತ್ಯುತ್ತಮ ಕೆಲಸಗಳಲ್ಲಿ ಘೋಷಣೆಯೇ ಇಲ್ಲ. ಒಂದೇ ಉದಾಹರಣೆ ತೆಗೆದುಕೊಳ್ಳೋಣ.

ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಕಲಾವಿದ. ಅವರ ಸಂಗಾತಿ ರಾಸ್ 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅದೇ ವರ್ಷ ಅವರು ಗ್ಯಾಲರಿಯ ಮೂಲೆಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ ಹಾಕಿದರು. ಕೃತಿಗೆ 'ಶೀರ್ಷಿಕೆ ಇಲ್ಲ' ಎಂದು ಹೆಸರು, ಪಕ್ಕದಲ್ಲಿ ಆವರಣದೊಳಗೆ 'ಲಾಸ್ ಏಂಜಲೀಸ್‌ನ ರಾಸ್‌ನ ಭಾವಚಿತ್ರ' ಎಂದು. ರಾಶಿಯ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ಆರೋಗ್ಯವಾಗಿರುವ ಒಬ್ಬ ಗಂಡಸಿನ ತೂಕ. ನೋಡಲು ಬಂದವರು ಒಂದೊಂದು ತೆಗೆದುಕೊಂಡು ತಿನ್ನಬಹುದು. ರಾಶಿ ಕರಗುತ್ತಾ ಹೋಗುತ್ತದೆ. ಮ್ಯೂಸಿಯಂನವರು ಮತ್ತೆ ತುಂಬಬಹುದು.

ಈಗ ಏನೇನು ಆಗುತ್ತಿದೆ ನೋಡಿ. ಕಾಯಿಲೆಯಲ್ಲಿ ಒಂದು ದೇಹ ಕರಗುವುದನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಿದ್ದಾರೆ. ಮುಟ್ಟಿದರೆ ಏಡ್ಸ್ ಬರುತ್ತದೆ ಎಂದು ಜನ ಹೆದರುತ್ತಿದ್ದ ಕಾಲ ಅದು. ಆಗ ಆ ದೇಹದ ಒಂದು ಚೂರನ್ನು ನೀವು ಬಾಯಿಗೆ ಹಾಕಿಕೊಳ್ಳುತ್ತೀರಿ, ಅದು ಸಿಹಿಯಾಗಿರುತ್ತದೆ. ಮತ್ತೆ ತುಂಬಿದಾಗ ಅವನು ಮರಳಿ ಬರುತ್ತಾನೆ. ಇಷ್ಟೂ ಒಂದು ಘೋಷಣೆ ಇಲ್ಲದೆ, ಒಂದು ಮುಖದ ಚಿತ್ರವೂ ಇಲ್ಲದೆ.

ಇದಕ್ಕೊಂದು ಮುಂದುವರಿಕೆ ಇದೆ. ಈ ಕೃತಿ ಇರುವ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಗೋಡೆಯ ಮೇಲಿನ ವಿವರಣೆಯನ್ನು ಬದಲಿಸಿತು. ಹೊಸ ವಿವರಣೆಯಲ್ಲಿ ರಾಸ್ ಯಾರು, ಏಡ್ಸ್ ಏನು ಎಂಬುದೇ ಇರಲಿಲ್ಲ. ಜನ ಆಕ್ಷೇಪಿಸಿದ ಮೇಲೆ ಮತ್ತೆ ಸೇರಿಸಿದರು. ಮಿಠಾಯಿ ಅದೇ, ತೂಕ ಅದೇ. ಆದರೂ ಆ ಎರಡು ಸಾಲು ತೆಗೆದರೆ ಒಬ್ಬ ಮನುಷ್ಯನೇ ಅಲ್ಲಿಂದ ಮಾಯವಾಗುತ್ತಾನೆ.

ಕೃತಿಯನ್ನು ನೋಡಲು ಕಲಾವಿದರ ಬದುಕು ಗೊತ್ತಿರಲೇಬೇಕಾ?

ಮೊದಲು ಕೃತಿ ನೋಡಿ. ಆಮೇಲೆ ವಿವರಣೆ ಓದಿ. ಮತ್ತೆ ಕೃತಿ ನೋಡಿ. ಬದುಕಿನ ಕತೆ ಗೊತ್ತಾದ ಮೇಲೆ ಒಳ್ಳೆಯ ಕೃತಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಕತೆ ಇಲ್ಲದಿದ್ದರೆ ಏನೂ ಉಳಿಯುವುದಿಲ್ಲ ಅನ್ನುವಂತಿದ್ದರೆ ಆ ಕೃತಿಯಲ್ಲಿ ಕೆಲಸ ಬಾಕಿ ಇದೆ ಅಂತ ನಾನು ತಿಳಿಯುತ್ತೇನೆ.

ಹಿಂದುಳಿದ ಸಮುದಾಯದಿಂದ ಬಂದ ಕಲಾವಿದರು ತಮ್ಮ ಸಮುದಾಯದ ಬಗ್ಗೆಯೇ ಕೆಲಸ ಮಾಡಬೇಕಾ?

ಖಂಡಿತ ಇಲ್ಲ. ಈ ನಿರೀಕ್ಷೆ ನನಗೆ ಬಹಳ ಬೇಸರ ತರುತ್ತದೆ. ಬಾಗಿಲು ತೆರೆಯುತ್ತಾರೆ, ಒಳಗೆ ಬಂದವರಿಗೆ ಒಂದೇ ಕುರ್ಚಿ ತೋರಿಸುತ್ತಾರೆ. ನಿನ್ನ ನೋವಿನ ಬಗ್ಗೆ ಹೇಳು, ಬೇರೆ ಏನೂ ಬೇಡ ಅನ್ನುತ್ತಾರೆ. ಕಪ್ಪು ಕಲಾವಿದೆಗೆ ಬರೀ ಬಣ್ಣಗಳ, ಗೆರೆಗಳ ಅಮೂರ್ತ ಚಿತ್ರ ಬರೆಯುವ ಹಕ್ಕಿಲ್ವಾ? ದಲಿತ ಕಲಾವಿದ ಒಂದು ಮರವನ್ನು ಮರಕ್ಕಾಗಿಯೇ ಬರೆಯಬಾರದಾ?

ಜಂಗಢ್ ಸಿಂಗ್ ಶ್ಯಾಮ್ ಅವರನ್ನು ನೆನೆಯದೆ ಈ ಪ್ರಶ್ನೆಗೆ ಉತ್ತರ ಕೊಡಲಾರೆ. ಮಧ್ಯಪ್ರದೇಶದ ಗೊಂಡ್ ಪರ್ಧಾನ್ ಎಂಬ ಬುಡಕಟ್ಟು ಸಮುದಾಯದವರು. ಭೋಪಾಲದ ಕಲಾಕೇಂದ್ರ ಭಾರತ ಭವನ 1982ರಲ್ಲಿ ಶುರುವಾಗುವ ಹೊತ್ತಿಗೆ ಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡದ ಕಣ್ಣಿಗೆ ಇವರ ಚಿತ್ರಗಳು ಬಿದ್ದವು. ಚುಕ್ಕಿ, ಗೆರೆಗಳಿಂದ ತುಂಬಿದ ಪ್ರಾಣಿ, ದೇವತೆಗಳ ಒಂದು ಹೊಸ ಬಗೆಯನ್ನೇ ಅವರು ಕಟ್ಟಿದರು. 1989ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನವೊಂದರಲ್ಲಿ ಲೋಕದ ಹೆಸರಾಂತ ಕಲಾವಿದರ ಜೊತೆ ಅವರ ಕೆಲಸವೂ ಇತ್ತು. 2001ರಲ್ಲಿ ಜಪಾನಿನ ಮಿಥಿಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಅಲ್ಲೇ ಪ್ರಾಣ ಕಳೆದುಕೊಂಡರು, ನಲವತ್ತರ ಹತ್ತಿರದ ವಯಸ್ಸಿನಲ್ಲಿ. ಒಬ್ಬನೇ ಮನುಷ್ಯ ಕಂಡುಕೊಂಡ ಶೈಲಿ ಅದು. ಅದಕ್ಕೆ 'ಬುಡಕಟ್ಟು ಕಲೆ' ಎಂಬ ಚೀಟಿ ಅಂಟಿಸಿದಾಗ ಅದು ಇಡೀ ಸಮುದಾಯ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಎಂಬ ಭಾವನೆ ಬರುತ್ತದೆ. ನಗರದ ಕಲಾವಿದನಿಗೆ ಸಿಗುವ 'ಇವನದೇ ಸೃಷ್ಟಿ' ಎಂಬ ಗೌರವ ಅವರಿಗೆ ಬಹಳ ತಡವಾಗಿ, ಅರೆಬರೆಯಾಗಿ ಸಿಕ್ಕಿತು. ಗುರುತು ಕೊಟ್ಟು ಹೆಸರು ಕಸಿದುಕೊಳ್ಳುವುದು ಅಂದರೆ ಇದೇ.

ಬೇರೆಯವರ ನೋವನ್ನು ಚಿತ್ರಿಸುವ ಹಕ್ಕು ಯಾರಿಗಿದೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಎರಡು ಘಟನೆ ಹೇಳುತ್ತೇನೆ. ಎರಡೂ 2017ರಲ್ಲಿ ಅಮೆರಿಕದಲ್ಲಿ ನಡೆದವು.

1955ರಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಚಿತ್ರಹಿಂಸೆ ಕೊಟ್ಟು ಕೊಂದರು. ಅವನ ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚಬಾರದು ಅಂದರು. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಎಂಬುದು ಆ ತಾಯಿಯ ಹಟ. ಕಪ್ಪು ಓದುಗರ ಪತ್ರಿಕೆಗಳಲ್ಲಿ ಫೋಟೋ ಬಂತು, ದೇಶ ನಡುಗಿತು. ಆ ಮುಖವನ್ನು ಡಾನಾ ಶುಟ್ಸ್ ಎಂಬ ಬಿಳಿ ಕಲಾವಿದೆ 2016ರಲ್ಲಿ ದಪ್ಪ ಬಣ್ಣದಲ್ಲಿ ಬರೆದರು. ಮರುವರ್ಷ ಅದು ವಿಟ್ನಿ ಬಿಯೆನಿಯಲ್‌ನಲ್ಲಿ ಬಂತು. ಪಾರ್ಕರ್ ಬ್ರೈಟ್ ಎಂಬ ಕಪ್ಪು ಕಲಾವಿದ ಚಿತ್ರದ ಮುಂದೆ ಅಡ್ಡ ನಿಂತುಬಿಟ್ಟರು. ಇನ್ನೊಬ್ಬ ಕಲಾವಿದೆ ಹ್ಯಾನಾ ಬ್ಲ್ಯಾಕ್ ಬಹಿರಂಗ ಪತ್ರ ಬರೆದು ಚಿತ್ರವನ್ನು ತೆಗೆಯಬೇಕು, ನಾಶವನ್ನೇ ಮಾಡಬೇಕು ಅಂದರು. ನಾನೂ ಒಬ್ಬ ತಾಯಿ, ಆ ತಾಯಿಯ ನೋವನ್ನು ಊಹಿಸಿಕೊಂಡು ಬರೆದೆ ಎಂಬ ಅರ್ಥದಲ್ಲಿ ಶುಟ್ಸ್ ಉತ್ತರ ಕೊಟ್ಟರು. ಚಿತ್ರವನ್ನು ಮಾರುವುದಿಲ್ಲ ಎಂದೂ ಹೇಳಿದರು. ಮ್ಯೂಸಿಯಂ ಅದನ್ನು ತೆಗೆಯಲಿಲ್ಲ.

ಎರಡನೆಯದು ಮಿನಿಯಾಪೊಲಿಸ್‌ನದು. ಸ್ಯಾಮ್ ಡ್ಯುರಾಂಟ್ ಎಂಬ ಬಿಳಿ ಕಲಾವಿದ ಅಮೆರಿಕದ ಇತಿಹಾಸದ ಏಳು ಗಲ್ಲುಗಂಬಗಳ ರೂಪಗಳನ್ನು ಸೇರಿಸಿ ಮರದ ಒಂದು ದೊಡ್ಡ ರಚನೆ ಮಾಡಿದ್ದರು. ಅವುಗಳಲ್ಲಿ ಒಂದು 1862ರಲ್ಲಿ ಮ್ಯಾಂಕೇಟೋ ಎಂಬಲ್ಲಿ ದಕೋಟ ಎಂಬ ಮೂಲನಿವಾಸಿ ಜನಾಂಗದ 38 ಗಂಡಸರನ್ನು ಒಂದೇ ದಿನ ನೇಣಿಗೆ ಹಾಕಿದ ಗಲ್ಲುಗಂಬ. ಆ ದೇಶದ ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ಮರಣದಂಡನೆ ಅದು. ಈ ರಚನೆ 2012ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಿಂತಿದ್ದಾಗ ಯಾರೂ ಹೀಗೆ ತಡೆಯಲಿಲ್ಲ. ವಾಕರ್ ಆರ್ಟ್ ಸೆಂಟರ್ ಅದನ್ನು ಕೊಂಡು ತನ್ನ ಶಿಲ್ಪೋದ್ಯಾನದಲ್ಲಿ ನಿಲ್ಲಿಸಿತು. ಅದು ದಕೋಟ ಜನರ ನೆಲ. ತಮ್ಮ ಮುತ್ತಜ್ಜಂದಿರನ್ನು ನೇಣಿಗೆ ಹಾಕಿದ ಗಂಬ ಮಕ್ಕಳು ಆಡುವ ಉದ್ಯಾನದಲ್ಲಿ ಎದ್ದು ನಿಂತದ್ದನ್ನು ಅವರು ಬೇಲಿಯಾಚೆಯಿಂದ ನೋಡಿದರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಪ್ರತಿಭಟನೆ ಶುರುವಾಯಿತು. ಡ್ಯುರಾಂಟ್ ದಕೋಟ ಹಿರಿಯರ ಜೊತೆ ಕೂತು ಮಾತಾಡಿದರು. ಕೃತಿಯನ್ನು ಬಿಚ್ಚಿಸಿದರು. ಅದರ ಹಕ್ಕನ್ನೂ ಅವರಿಗೇ ಒಪ್ಪಿಸಿದರು.

ನನ್ನ ನಿಲುವು ಇದು. ಬೇರೆಯವರ ನೋವನ್ನು ಮುಟ್ಟಲೇಬಾರದು ಎಂಬ ನಿಯಮ ಮಾಡಿದರೆ ಕಲೆಯ ಉಸಿರು ನಿಲ್ಲುತ್ತದೆ. ಇನ್ನೊಬ್ಬರಾಗಿ ನೋಡುವುದು ಕಲೆಯ ಮೂಲ ಕೆಲಸ. ಆದರೆ ಹಕ್ಕಿದೆ ಅಂದಮಾತ್ರಕ್ಕೆ ಜವಾಬ್ದಾರಿ ಹೋಗುವುದಿಲ್ಲ. ಯಾರ ನೋವೋ ಅವರು ಇನ್ನೂ ಬದುಕಿದ್ದಾರೆ, ಪಕ್ಕದಲ್ಲೇ ಇದ್ದಾರೆ. ಅವರನ್ನು ಕೇಳದೆ ಅವರ ಸತ್ತವರನ್ನು ಗೋಡೆಗೆ ಹಾಕುವುದು ತಪ್ಪು. ಮೇಮಿ ಟಿಲ್ ತಾವೇ ನಿರ್ಧರಿಸಿ ಮಗನ ಮುಖವನ್ನು ತೋರಿಸಿದರು. ಆ ಫೋಟೋಗೆ ಇರುವ ಬಲ ಆ ನಿರ್ಧಾರದಿಂದಲೂ ಬಂದದ್ದು. ಶುಟ್ಸ್ ಚಿತ್ರದಲ್ಲಿ ಆ ಬಲ ಇಲ್ಲ. ಬಣ್ಣವನ್ನು ಚೆನ್ನಾಗಿ ಆಡಿಸಿದ್ದಾರೆ, ಆ ಮುಖ ಅದನ್ನು ಬೇಡುತ್ತಿರಲಿಲ್ಲ. ಹಾಗಂತ ನಾಶ ಮಾಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಡ್ಯುರಾಂಟ್ ಮಾಡಿದ್ದು ಬೇರೆ. ಮಾಡಿದವರೇ ಕೂತು ಕೇಳಿ ಬಿಟ್ಟುಕೊಟ್ಟರು.

ಪ್ರತಿಭಟನೆ ಮಾಡಿ ಕೃತಿ ತೆಗೆಸುವುದೂ ಸೆನ್ಸಾರ್ ಅಲ್ವಾ?

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಚಿತ್ರ ಸರಿಯಿಲ್ಲ ಅಂತ ಬರೆಯುವುದು, ಅದರ ಮುಂದೆ ನಿಲ್ಲುವುದು ವಿಮರ್ಶೆ. ಪೊಲೀಸ್, ಕೋರ್ಟು, ಗುಂಪಿನ ಬೆದರಿಕೆ ಬಂದಾಗ ಅದು ಬೇರೆ.

ಎಂ.ಎಫ್. ಹುಸೇನ್ ಅವರ ಮೇಲೆ ದೇಶದ ಬೇರೆ ಬೇರೆ ಕಡೆ ಕೇಸುಗಳು ಬಿದ್ದವು, ಪ್ರದರ್ಶನಗಳ ಮೇಲೆ ದಾಳಿಯಾಯಿತು. 2006ರಲ್ಲಿ ಅವರು ದೇಶ ಬಿಟ್ಟರು. 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೂ ವಾಪಸ್ ಬರುವ ಧೈರ್ಯ ಸಿಗಲಿಲ್ಲ. 2010ರಲ್ಲಿ ಕತಾರ್ ಪೌರತ್ವ ಪಡೆದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಾನೂನು ಗೆದ್ದರೂ ಕಲಾವಿದ ಮನೆಗೆ ಬರಲಾಗಲಿಲ್ಲ. ಚೀನಾದಲ್ಲಿ 2008ರ ಸಿಚುವಾನ್ ಭೂಕಂಪದಲ್ಲಿ ಕಳಪೆ ಶಾಲಾ ಕಟ್ಟಡಗಳು ಕುಸಿದು ಸತ್ತ 5,000ಕ್ಕೂ ಹೆಚ್ಚು ಮಕ್ಕಳ ಹೆಸರುಗಳನ್ನು ಕಲಾವಿದ ಐ ವೇವೇ ಜನರ ಜೊತೆ ಸೇರಿ ಒಂದೊಂದಾಗಿ ಕಲೆಹಾಕಿದರು. 2009ರಲ್ಲಿ ಮ್ಯೂನಿಕ್‌ನ ಮ್ಯೂಸಿಯಂ ಗೋಡೆಗೆ 9,000 ಶಾಲಾ ಚೀಲ ಜೋಡಿಸಿ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಮಾತನ್ನು ಬರೆದರು. ಏಳು ವರ್ಷ ಅವಳು ಈ ಭೂಮಿ ಮೇಲೆ ಸಂತೋಷವಾಗಿದ್ದಳು ಎಂಬ ಮಾತು ಅದು. 2011ರಲ್ಲಿ ಸರ್ಕಾರ ಅವರನ್ನು 81 ದಿನ ಬಂಧನದಲ್ಲಿ ಇಟ್ಟಿತು.

ಯಾರ ಕೈಯಲ್ಲಿ ಬಲ ಇದೆ ಅಂತ ನೋಡಿದರೆ ಹೆಚ್ಚಿನ ಗೊಂದಲ ತಿಳಿಯಾಗುತ್ತದೆ.

ಒಂದು ಸಮುದಾಯದವರೆಲ್ಲ ಒಂದೇ ರೀತಿ ಯೋಚಿಸುತ್ತಾರಾ?

ಇಲ್ಲವೇ ಇಲ್ಲ. 1997ರಲ್ಲಿ ಕಾರಾ ವಾಕರ್ ಎಂಬ ಅಮೆರಿಕದ ಕಲಾವಿದೆಗೆ ಮೂವತ್ತರೊಳಗೇ ಅಲ್ಲಿನ ದೊಡ್ಡ ಗೌರವಗಳಲ್ಲೊಂದಾದ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ಕಪ್ಪು ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ ಗುಲಾಮಗಿರಿಯ ಕಾಲದ ಹಿಂಸೆ, ಕಾಮ, ಕ್ರೌರ್ಯವನ್ನು ಅವರು ತೋರಿಸುತ್ತಾರೆ. ಇವರ ಕೆಲಸವನ್ನು ಪ್ರದರ್ಶಿಸಬೇಡಿ ಎಂದು ಪತ್ರಗಳ ಮೇಲೆ ಪತ್ರ ಬರೆದವರು ಯಾರು ಗೊತ್ತಾ? ಮೇಲೆ ಹೇಳಿದ ಬೆಟಿ ಸಾರ್. ಅವಮಾನದ ಗೊಂಬೆಗೆ ಬಂದೂಕು ಕೊಟ್ಟವರು ಅವರು. ವಾಕರ್ ಹಳೆಯ ಅವಮಾನದ ಚಿತ್ರಗಳನ್ನು ಬಿಳಿಯರ ಖುಷಿಗಾಗಿ ಮತ್ತೆ ತರುತ್ತಿದ್ದಾರೆ ಎಂಬುದು ಅವರ ದೂರು. ಇಬ್ಬರೂ ಕಪ್ಪು ಮಹಿಳೆಯರು, ಇಬ್ಬರೂ ದೊಡ್ಡ ಕಲಾವಿದೆಯರು, ನಡುವೆ ಒಂದು ತಲೆಮಾರಿನ ಅಂತರ. ನನಗೆ ಈ ಜಗಳ ಬಹಳ ಮುಖ್ಯ. ಒಂದು ಗುರುತಿನ ಒಳಗೆ ಎಷ್ಟು ವಾದಗಳಿಗೆ ಜಾಗ ಇದೆ ಎಂದು ಇದು ತೋರಿಸುತ್ತದೆ.

ಮ್ಯೂಸಿಯಂ ಇರುವುದನ್ನು ಇದ್ದ ಹಾಗೆ ತೋರಿಸುತ್ತದೆ, ಅದರಲ್ಲಿ ಏನು ರಾಜಕೀಯ?

ಕಲಾವಿದ ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಒಂದು ಪ್ರದರ್ಶನ ಮಾಡಿದರು. ಹೊಸದಾಗಿ ಏನನ್ನೂ ಚಿತ್ರಿಸಲಿಲ್ಲ. ಆ ಮ್ಯೂಸಿಯಂ ಉಗ್ರಾಣದಲ್ಲೇ ಇದ್ದ ವಸ್ತುಗಳನ್ನು ತೆಗೆದು ಜೋಡಿಸಿದರು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಬೆಳ್ಳಿ ಹೂಜಿ, ಲೋಟಗಳು. ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಪಕ್ಕದ ಚೀಟಿಯಲ್ಲಿ 'ಲೋಹದ ಕೆಲಸ, 1793-1880' ಅಂತ ಮಾತ್ರ. ಇನ್ನೊಂದು ಕಡೆ ಮೂರು ಪೀಠಗಳ ಮೇಲೆ ನೆಪೋಲಿಯನ್, ಹೆನ್ರಿ ಕ್ಲೇ, ಆಂಡ್ರೂ ಜಾಕ್ಸನ್ ಪ್ರತಿಮೆಗಳು. ಮೂವರೂ ಮೇರಿಲ್ಯಾಂಡ್‌ನವರಲ್ಲ. ಎದುರಿಗೆ ಮೂರು ಖಾಲಿ ಪೀಠ. ಅವುಗಳ ಮೇಲೆ ಹ್ಯಾರಿಯೆಟ್ ಟಬ್‌ಮನ್, ಫ್ರೆಡ್ರಿಕ್ ಡಗ್ಲಸ್, ಬೆಂಜಮಿನ್ ಬ್ಯಾನೆಕರ್ ಹೆಸರು. ಮೂವರೂ ಮೇರಿಲ್ಯಾಂಡ್‌ನ ಕಪ್ಪು ಜನ. ಅವರ ಪ್ರತಿಮೆ ಮ್ಯೂಸಿಯಂನಲ್ಲಿ ಇರಲೇ ಇಲ್ಲ.

ಬೆಳ್ಳಿಯೂ ಬೇಡಿಯೂ ಒಂದೇ ಕಟ್ಟಡದಲ್ಲಿ ಇದ್ದವು. ಒಂದು ಷೋಕೇಸಿನಲ್ಲಿ, ಇನ್ನೊಂದು ಕತ್ತಲೆಯಲ್ಲಿ. ಅದನ್ನು ಹಾಗೆ ಇಟ್ಟವರು ಇದ್ದಾರಲ್ಲ!

ಜೇಮ್ಸ್ ಲೂನಾ ಎಂಬ ಮೂಲನಿವಾಸಿ ಕಲಾವಿದ ಇನ್ನೂ ಮುಂದೆ ಹೋದರು. 1987ರಲ್ಲಿ ಸ್ಯಾನ್ ಡಿಯಾಗೋದ ಮ್ಯೂಸಿಯಂ ಆಫ್ ಮ್ಯಾನ್‌ನಲ್ಲಿ, ತಮ್ಮ ಜನರ ಪಾತ್ರೆ ಬಟ್ಟೆಗಳನ್ನು ಸತ್ತ ಸಂಸ್ಕೃತಿ ಎಂಬಂತೆ ಇಟ್ಟಿದ್ದ ಕಡೆ, ತಾವೇ ಮರಳು ತುಂಬಿದ ಪೆಟ್ಟಿಗೆಯಲ್ಲಿ ಮಲಗಿದರು. ಮೈಮೇಲಿನ ಗಾಯದ ಕಲೆಗಳಿಗೂ ಚೀಟಿ ಹಾಕಿದರು. ವಸ್ತು ನೋಡಲು ಬಂದವರು ಉಸಿರಾಡುವ ಮನುಷ್ಯನನ್ನು ನೋಡಿದರು.

ಜಾತಿಯ ಬಗ್ಗೆ ಇಂಥ ಕೆಲಸ ಆಗಿದೆಯಾ?

ಆಗಿದೆ, ಆದರೆ ಭಾರತದ ಗ್ಯಾಲರಿಗಳು ಅದಕ್ಕೆ ಕೊಟ್ಟ ಜಾಗ ಬಹಳ ಕಡಿಮೆ. ನಾಗಪುರದಿಂದ ಬಂದ ಸವಿ ಸಾವರ್ಕರ್ ಅಸ್ಪೃಶ್ಯತೆ, ದೇವದಾಸಿ ಪದ್ಧತಿಯನ್ನು ಒರಟು ಗೆರೆಗಳಲ್ಲಿ, ಮುಲಾಜಿಲ್ಲದೆ ಬರೆದವರು. ಅವರ ಹೆಸರು ಎಷ್ಟು ಜನ ಚಿತ್ರಪ್ರೇಮಿಗಳಿಗೆ ಗೊತ್ತು? ಬೇರೆ ದೇಶದ ಬಣ್ಣಭೇದದ ಕಲೆಯನ್ನು ನಾವು ಸುಲಭವಾಗಿ ಮೆಚ್ಚುತ್ತೇವೆ. ನಮ್ಮ ಬಾಗಿಲನ್ನು ಯಾರು ಕಾಯುತ್ತಿದ್ದಾರೆ ಎಂದು ಕೇಳುವುದು ಕಷ್ಟ.

ಇದೆಲ್ಲ ಈಗ ಮಾರುಕಟ್ಟೆಯ ಫ್ಯಾಷನ್ ಆಗಿಲ್ವಾ?

ಸ್ವಲ್ಪ ಮಟ್ಟಿಗೆ ಹೌದು. ಅಮೆರಿಕದ ಕಪ್ಪು ಕಲಾವಿದ ಕೆರಿ ಜೇಮ್ಸ್ ಮಾರ್ಷಲ್ ಅವರ ಒಂದು ದೊಡ್ಡ ಚಿತ್ರದಲ್ಲಿ ಕಪ್ಪು ಕುಟುಂಬವೊಂದು ಹುಲ್ಲುಹಾಸಿನ ಮೇಲೆ ರಜೆ ಕಳೆಯುತ್ತಿದೆ, ಹಿಂದೆ ಕೆರೆ. 1997ರಲ್ಲಿ ಶಿಕಾಗೋದ ಒಂದು ಸರ್ಕಾರಿ ಸಂಸ್ಥೆ ಅದನ್ನು 25,000 ಡಾಲರಿಗೆ ಕೊಂಡಿತು. 2018ರಲ್ಲಿ ಅದೇ ಚಿತ್ರ ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಹೋಯಿತು. ಹೀಗೆ ಮರುಮಾರಾಟವಾದಾಗ ಕಲಾವಿದನಿಗೆ ಪಾಲು ಕೊಡಬೇಕೆಂಬ ಕಾನೂನು ಅಮೆರಿಕದಲ್ಲಿ ಇಲ್ಲ.

ದುಡ್ಡು ಬಂದದ್ದರಲ್ಲಿ ತಪ್ಪಿಲ್ಲ. ಬಿಳಿ ಕಲಾವಿದರ ಚಿತ್ರಗಳು ಕೋಟಿಗಳಿಗೆ ಹೋದಾಗ ಯಾರೂ ಫ್ಯಾಷನ್ ಅನ್ನಲಿಲ್ಲ. ನನಗೆ ಚಿಂತೆ ಬೇರೆ. ಒಂದು ವರ್ಷ ಒಂದು ಸಮುದಾಯ, ಮುಂದಿನ ವರ್ಷ ಇನ್ನೊಂದು ಅಂತ ಗ್ಯಾಲರಿಗಳು ಸರದಿ ಹಾಕಿಕೊಂಡರೆ ಆ ಕಲಾವಿದರ ಪಾಡು ಏನು? ಒಂದು ಪ್ರದರ್ಶನ ಮುಗಿದ ಮೇಲೆ ಮ್ಯೂಸಿಯಂ ಎಷ್ಟು ಕೃತಿ ಕೊಂಡಿತು, ಪ್ರದರ್ಶನ ರೂಪಿಸುವ ಕ್ಯುರೇಟರ್ ಆಗಿ ಯಾರನ್ನು ನೇಮಿಸಿತು ಅಂತ ವಿಚಾರಿಸಿ. ಲುಬೈನಾ ಹಿಮಿದ್ 1980ರ ದಶಕದಿಂದ ಬ್ರಿಟನ್ನಿನಲ್ಲಿ ಕಪ್ಪು ಕಲಾವಿದೆಯರಿಗಾಗಿ ಪ್ರದರ್ಶನ ಕಟ್ಟಿದವರು. ಟರ್ನರ್ ಪ್ರಶಸ್ತಿ ಅವರಿಗೆ ಬಂದದ್ದು 2017ರಲ್ಲಿ, 63ನೇ ವಯಸ್ಸಿನಲ್ಲಿ. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ. ಅದೂ 50 ವರ್ಷದ ವಯೋಮಿತಿಯನ್ನು ಆ ವರ್ಷ ತೆಗೆದದ್ದರಿಂದ.

ಮ್ಯೂಸಿಯಂಗೆ ದುಡ್ಡು ಯಾರು ಕೊಡುತ್ತಾರೆ ಅನ್ನುವುದು ಕಲೆಯ ಪ್ರಶ್ನೆಯಾ?

ಹೌದು. ಫೋಟೋಗ್ರಾಫರ್ ನ್ಯಾನ್ ಗೋಲ್ಡಿನ್ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಹೊರಬಂದವರು. ಆ ಮಾತ್ರೆ ಮಾಡಿದ ಕಂಪನಿ ಸ್ಯಾಕ್ಲರ್ ಕುಟುಂಬದ ಕೆಲವರದು. ಅದೇ ಮನೆತನದ ಹೆಸರು ಲೋಕದ ದೊಡ್ಡ ಮ್ಯೂಸಿಯಂಗಳ ಗೋಡೆ ಮೇಲಿತ್ತು. 2018ರಲ್ಲಿ ಗೋಲ್ಡಿನ್ ಮತ್ತು ಸಂಗಡಿಗರು ಮೆಟ್ರೋಪಾಲಿಟನ್ ಮ್ಯೂಸಿಯಂನ ಸ್ಯಾಕ್ಲರ್ ವಿಭಾಗದ ಕೊಳಕ್ಕೆ ಖಾಲಿ ಮಾತ್ರೆ ಡಬ್ಬಿಗಳನ್ನು ಎಸೆದು ನೆಲದ ಮೇಲೆ ಹೆಣದಂತೆ ಮಲಗಿದರು. 2019ರಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಆ ಹೆಸರನ್ನು ತೆಗೆಯಿತು. 2021ರ ಕೊನೆಯಲ್ಲಿ ಮೆಟ್ರೋಪಾಲಿಟನ್ ಕೂಡ ತೆಗೆಯಿತು. ಕಲೆಯಿಂದ ಏನೂ ಬದಲಾಗುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರ ಕೃತಿಗಳನ್ನು ಬಯಸುವ ಮ್ಯೂಸಿಯಂಗಳೇ ಅವರ ಮಾತು ಕೇಳಬೇಕಾಯಿತು.

ವೆನಿಸ್ ಬಿಯೆನಾಲೆಯಲ್ಲಿ ಯಾಕೆ ಪ್ರತಿ ಸಲ ಗಲಾಟೆ?

ಇಟಲಿಯ ವೆನಿಸ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ, 1895ರಲ್ಲಿ ಶುರುವಾದ ಪ್ರದರ್ಶನ ಅದು. 1907ರಲ್ಲಿ ಬೆಲ್ಜಿಯಂ ಮೊದಲ ಪೆವಿಲಿಯನ್ ಕಟ್ಟಿದ ಮೇಲೆ ಹಲವು ದೇಶಗಳು ಅಲ್ಲಿ ತಮ್ಮದೇ ಪೆವಿಲಿಯನ್, ಅಂದರೆ ಪ್ರದರ್ಶನದ ಕಟ್ಟಡ, ಕಟ್ಟಿಕೊಂಡವು. ಹಾಗಾಗಿ ಕಲಾವಿದರ ಹೆಗಲ ಮೇಲೆ ದೇಶವೂ ಕೂರುತ್ತದೆ. 2022ರಲ್ಲಿ ಯುಕ್ರೇನ್ ಮೇಲೆ ದಾಳಿಯಾದಾಗ ರಷ್ಯಾದ ಪೆವಿಲಿಯನ್‌ನ ಕಲಾವಿದರೇ ಹಿಂದೆ ಸರಿದರು. 2024ರಲ್ಲಿ ಇಸ್ರೇಲ್‌ನ ಕಲಾವಿದೆ ರೂತ್ ಪಟೀರ್ ಗಾಜಾದ ಕದನ ನಿಂತು ಒತ್ತೆಯಾಳುಗಳು ಬರುವವರೆಗೆ ಬಾಗಿಲು ತೆರೆಯುವುದಿಲ್ಲ ಅಂದರು.

ಅದೇ ವರ್ಷ ಆಸ್ಟ್ರೇಲಿಯಾ ಪೆವಿಲಿಯನ್‌ನಲ್ಲಿ ಮೂಲನಿವಾಸಿ ಕಲಾವಿದ ಆರ್ಚಿ ಮೂರ್ ಕಪ್ಪು ಗೋಡೆಗಳ ತುಂಬ ಸೀಮೆಸುಣ್ಣದಲ್ಲಿ ತಮ್ಮ ವಂಶವೃಕ್ಷ ಬರೆದರು. 65,000 ವರ್ಷಗಳಷ್ಟು ಹಿಂದಕ್ಕೆ ಹೋಗುವ ವೃಕ್ಷ ಅದು. ನಡುವೆ ಪೊಲೀಸ್ ಬಂಧನದಲ್ಲಿ ಸತ್ತ ಮೂಲನಿವಾಸಿಗಳ ವಿಚಾರಣೆಯ ಕಾಗದಗಳ ಕಟ್ಟುಗಳು. ಅತ್ಯುತ್ತಮ ಪೆವಿಲಿಯನ್‌ಗೆ ಕೊಡುವ ಗೋಲ್ಡನ್ ಲಯನ್ ಪ್ರಶಸ್ತಿ ಆಸ್ಟ್ರೇಲಿಯಾಕ್ಕೆ ಮೊದಲ ಬಾರಿ ಬಂತು. ಆ ದೇಶದ ವಯಸ್ಸು ಎಷ್ಟು ಚಿಕ್ಕದು ಎಂದು ಅದರದೇ ಪೆವಿಲಿಯನ್‌ನಲ್ಲಿ ಅವರು ತೋರಿಸಿದರು.

ವಿಷಯ ಒಳ್ಳೆಯದಾದರೆ ಕೃತಿಯೂ ಒಳ್ಳೆಯದಾ? ನನಗೆ ಇಷ್ಟವಾಗದಿದ್ದರೆ?

ಇಷ್ಟವಾಗದಿದ್ದರೆ ಹಾಗೇ ಹೇಳಿ. ಅನ್ಯಾಯದ ವಿರುದ್ಧ ಇದೆ ಅಂದಮಾತ್ರಕ್ಕೆ ಕೆಟ್ಟ ಚಿತ್ರ ಒಳ್ಳೆಯದಾಗುವುದಿಲ್ಲ. ಹಾಗೆ ರಿಯಾಯಿತಿ ಕೊಡುವುದು ಆ ಕಲಾವಿದರಿಗೆ ಮಾಡುವ ಅವಮಾನ. ನೀವು ಒಂದು ನಿಸರ್ಗ ಚಿತ್ರಕ್ಕೆ ಕೇಳುವ ಪ್ರಶ್ನೆಗಳನ್ನೇ ಇಲ್ಲೂ ಕೇಳಬಹುದು. ಈ ಸಾಮಗ್ರಿಯೇ ಯಾಕೆ? ಈ ಅಳತೆ ಯಾಕೆ? ನನ್ನನ್ನು ಎಲ್ಲಿ ನಿಲ್ಲಿಸಿದ್ದಾರೆ?

ಆದರೆ ಒಂದು ಮಾತು. ಸಿಟ್ಟು ಬಂದರೆ, ಮುಜುಗರವಾದರೆ ಕೂಡಲೇ ಹೊರಡಬೇಡಿ. ಆ ಮುಜುಗರ ಕೃತಿ ಸೋತದ್ದರಿಂದ ಬಂತೋ, ಗೆದ್ದದ್ದರಿಂದ ಬಂತೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತು ಯೋಚಿಸಿ.

ಇಂಥ ಕೃತಿಗಳನ್ನು ಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಹೇಗೆ ತೋರಿಸುವುದು?

ಉತ್ತರ ಮೊದಲೇ ಹೇಳಬೇಡಿ. ಏನು ಕಾಣಿಸುತ್ತಿದೆ ಅಂತ ಮಾತ್ರ ಕೇಳಿ. ಜನೆಲೆ ಮುಹೋಲಿ ದಕ್ಷಿಣ ಆಫ್ರಿಕಾದಲ್ಲಿ 2006ರಿಂದ ಕಪ್ಪು ಲೆಸ್ಬಿಯನ್ ಮತ್ತು ಟ್ರಾನ್ಸ್ ಜನರ ಫೋಟೋ ತೆಗೆಯುತ್ತಾ ಬಂದಿದ್ದಾರೆ. ಅದೇ ವರ್ಷ ಅಲ್ಲಿ ಸಲಿಂಗ ಮದುವೆ ಕಾನೂನುಬದ್ಧವಾಯಿತು, ಆದರೆ ಬೀದಿಯಲ್ಲಿ ಅತ್ಯಾಚಾರ, ಕೊಲೆ ನಿಲ್ಲಲಿಲ್ಲ. ಆ ಫೋಟೋಗಳಲ್ಲಿ ಗಾಯಗಳ ಪ್ರದರ್ಶನವಿಲ್ಲ. ಕಪ್ಪು ಬಿಳುಪಿನಲ್ಲಿ ಒಬ್ಬೊಬ್ಬರೇ ನೇರವಾಗಿ ಕ್ಯಾಮೆರಾ ನೋಡುತ್ತಾರೆ. ಒಂದು ಗೋಡೆಯಲ್ಲಿ ಅಂಥ ಹತ್ತಾರು ಮುಖ. ಕೆಲವು ಕಡೆ ಜಾಗ ಖಾಲಿ ಬಿಟ್ಟಿರುತ್ತಾರೆ. ಅದು ತೀರಿಹೋದವರಿಗೆ, ಇನ್ನೂ ಬರಬೇಕಾದವರಿಗೆ.

ಮೊದಲು ಆ ಮುಖಗಳ ಮುಂದೆ ನಿಲ್ಲಿಸಿ. ಇವರು ಹೇಗಿದ್ದಾರೆ, ಬಟ್ಟೆ ಹೇಗಿದೆ, ನಿಂತ ಭಂಗಿ ಹೇಗಿದೆ, ನಿಮ್ಮನ್ನು ಹೇಗೆ ನೋಡುತ್ತಿದ್ದಾರೆ ಅಂತ ಕೇಳಿ. ಇವರು ಯಾರು ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಬರುತ್ತದೆ. ಅದು ಬಂದ ಮೇಲೆ ಕಾನೂನು, ಹಿಂಸೆ, ಖಾಲಿ ಜಾಗದ ಮಾತು ತೆಗೆಯಿರಿ.